ಹಗಲಿನ ಡೇಗೆ, ಇರುಳಿನ ಗೂಬೆ



ಹಕ್ಕಿಯನ್ನು ಪಳಗಿಸಿ ಅದರಿಂದಲೇ ಬೇಟೆಯಾಡಿಸುವ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸರ ವಿನೋದಗಳನ್ನು ವಿವರಿಸುವಲ್ಲಿ ಶ್ಯೇನವಿನೋದಕ್ಕೂ ಸ್ಥಾನವನ್ನಿತ್ತಿದೆ. ಡೇಗೆ, ಸಾಳುವ, ಗಿಡುಗ ಎಂಬ ಹಳೆಯ ಹೆಸರುಗಳು ನಮ್ಮ ನುಡಿಯಲ್ಲಿ ಉಳಿದುಬಂದಿವೆ. ಆದರೆ ಉಗುರಿನ ಬಲದಲ್ಲಿ ಇವುಗಳಿಗೆ ಏನೂ ಕಡಮೆಯಲ್ಲದ ಗೂಬೆಗೆ ಬೇಟೆಗಾರನ ಮುಂಗೈಯ ಮೇಲೆ ಅಂತಹ ಮನ್ನಣೆ ದೊರೆಯಲಿಲ್ಲ. ಇದಕ್ಕೆ ಕಾರಣವೇನು?

ಡೇಗೆಯು ಬಯಲಿನ ಬೇಟೆಗಾರ. ಅದು ಮುಗಿಲೆತ್ತರಕ್ಕೆ ಏರಿ, ಒಡೆಯನ ತಲೆಯ ಮೇಲೆ ಸುತ್ತುತ್ತ, ಅವನು ಪೊದೆಯಿಂದ ಹಕ್ಕಿಯನ್ನೆಬ್ಬಿಸುವವರೆಗೆ ಕಾಯುವುದನ್ನು ಕಲಿಯುತ್ತದೆ. ಬಳಿಕ ರೆಕ್ಕೆಯನ್ನು ಮಡಿಸಿ ಕೆಳಕ್ಕೆರಗುವಾಗ ಅದರ ವೇಗವು ಗಂಟೆಗೆ 300 ಕಿಲೋಮೀಟರನ್ನು ಮೀರಬಲ್ಲದು. ಗಿಡುಗವು ಮುಂಗೈಯಿಂದಲೇ ಚಿಮ್ಮಿ, ಮರಗಳ ನಡುವೆ ನುಸುಳಿ ಬೇಟೆಯನ್ನು ಹಿಡಿಯುತ್ತದೆ. ಎರಡೂ ಹಗಲಿನಲ್ಲಿ, ಮನುಷ್ಯನ ಕಣ್ಣೆದುರಿಗೆ ನಡೆಯತಕ್ಕ ಕೆಲಸಗಳು. ಹಕ್ಕಿ ಎಲ್ಲಿಗೆ ಹೋಯಿತು, ಏನನ್ನು ಹಿಡಿಯಿತು, ಯಾವಾಗ ಹಿಂದಕ್ಕೆ ಕರೆಯಬೇಕು ಎಂಬುದನ್ನು ಒಡೆಯನು ಕಂಡು ನಡೆಯಬಲ್ಲನು.

ಗೂಬೆಯ ಕ್ರಮವೇ ಬೇರೆ. ಅದು ಒಂದೆಡೆ ಕುಳಿತು, ಆಲಿಸಿ, ಸದ್ದಿಲ್ಲದೆ ಎರಗುವ ಜೀವಿ. ಅದರ ರೆಕ್ಕೆಯ ಮುಂದಂಚಿನ ಗರಿಗಳಲ್ಲಿ ಬಾಚಣಿಗೆಯ ಹಲ್ಲಿನಂತಹ ರಚನೆಯುಂಟು. ಅದು ಗಾಳಿಯ ಸಪ್ಪಳವನ್ನು ಅಡಗಿಸುತ್ತದೆ. ಕಣಜದ ಗೂಬೆಯ ಎರಡು ಕಿವಿಗಳು ಒಂದೇ ಮಟ್ಟದಲ್ಲಿಲ್ಲ. ಆದ್ದರಿಂದಲೇ ಸದ್ದು ಹುಟ್ಟಿದ ಸ್ಥಳವನ್ನು ಅದು ನಿಖರವಾಗಿ ಗುರುತಿಸಿ, ಕಗ್ಗತ್ತಲೆಯಲ್ಲಿಯೂ ಇಲಿಯನ್ನು ಹಿಡಿಯಬಲ್ಲದು. ತನಗಾಗಿ ಬೇಟೆಯಾಡುವಾಗ ಇದರಷ್ಟು ನಿಪುಣನಿಲ್ಲ. ಆದರೆ ಅದರ ಈ ನೈಪುಣ್ಯವು ಪ್ರಕಟವಾಗುವ ಹೊತ್ತಿನಲ್ಲಿ ಒಡೆಯನೇ ಕುರುಡನಾಗಿರುತ್ತಾನೆ. ದೊಡ್ಡ ಕೊಂಬಿನ ಗೂಬೆಗಳನ್ನು ಪಳಗಿಸಿ ಮೊಲದ ಬೇಟೆಗೆ ಬಿಡುವವರು ಅಮೆರಿಕದಲ್ಲಿ ಇದ್ದಾರೆ. ಅವರ ಸಂಖ್ಯೆ ಸ್ವಲ್ಪವೇ.

ಹಿಂದಿನ ಬೇಟೆಗಾರರು ಗೂಬೆಯನ್ನು ಬೇರೊಂದು ಕೆಲಸಕ್ಕೆ ಬಳಸುತ್ತಿದ್ದರು. ಹಗಲಿನಲ್ಲಿ ಗೂಬೆಯನ್ನು ಕಂಡರೆ ಇತರ ಹಕ್ಕಿಗಳು ಮುತ್ತಿಕೊಂಡು ಕಾಡುವುದನ್ನು ನಾವೆಲ್ಲರೂ ಬಲ್ಲೆವು. ಕಾಗೆ ಗೂಬೆಗಳ ಹಗೆಯನ್ನು ಪಂಚತಂತ್ರವು ಒಂದು ತಂತ್ರದ ಕಥಾವಸ್ತುವನ್ನಾಗಿಯೇ ಮಾಡಿಕೊಂಡಿದೆ. ಇಂಗ್ಲೆಂಡಿನಲ್ಲಿ ಗೂಬೆಯ ಕಾಲಿಗೆ ನರಿಯ ಬಾಲವನ್ನು ಕಟ್ಟಿ ಹಾರಿಸುತ್ತಿದ್ದರು. ಎತ್ತರದಲ್ಲಿ ತೇಲುತ್ತಿದ್ದ ಹದ್ದು ಕುತೂಹಲದಿಂದ ಕೆಳಗಿಳಿದೊಡನೆ ಡೇಗೆಗಳನ್ನು ಬಿಡುತ್ತಿದ್ದರು. ಹೀಗೆ ಗೂಬೆಗೆ ದೊರೆತದ್ದು ಮರುಳುಗೊಳಿಸುವ ಆಮಿಷದ ಪಾತ್ರವೇ ಹೊರತು ಬೇಟೆಗಾರನ ಪಾತ್ರವಲ್ಲ.

ಇನ್ನು ಇರುಳಬೇಟೆಯ ವಿಚಾರ. ಮಹಾಭಾರತದ ಸೌಪ್ತಿಕಪರ್ವವನ್ನು ಇಲ್ಲಿ ನೆನೆಯಬೇಕು. ಆಲದ ಮರದಲ್ಲಿ ಮಲಗಿದ್ದ ಕಾಗೆಗಳನ್ನು ಗೂಬೆಯೊಂದು ಬಂದು ಕೊಲ್ಲುವುದನ್ನು ಅಶ್ವತ್ಥಾಮನು ಕಂಡನು. ಅದನ್ನೇ ಉಪದೇಶವೆಂದು ಭಾವಿಸಿ, ಮಲಗಿದ್ದ ಪಾಂಡವರ ಸೇನೆಯ ಮೇಲೆ ಬಿದ್ದನು. ಕೃಪನು ಬೇಡವೆಂದರೂ ಕೇಳಲಿಲ್ಲ. ಗೂಬೆಗೆ ಅದು ಹೊಟ್ಟೆಯ ಪಾಡು, ಸಹಜವೃತ್ತಿ. ಮನುಷ್ಯನಿಗೆ ಅದು ಅಧರ್ಮವಾಯಿತು. ಈ ವಿವೇಕವೇ ಇಂದಿನ ಶಾಸನಗಳಲ್ಲಿಯೂ ಇದೆ. ಅಮೆರಿಕದಲ್ಲಿ ವಲಸೆಹಕ್ಕಿಗಳ ಬೇಟೆಗೆ ಸಾಮಾನ್ಯವಾಗಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದವರೆಗೆ ಮಾತ್ರ ಅವಕಾಶ. ಬಂದೂಕಿಗಿರುವಂತೆಯೇ ಪಳಗಿದ ಹಕ್ಕಿಗೂ ಹೊತ್ತಿನ ಕಟ್ಟಳೆಯುಂಟು. ಕತ್ತಲೆಯಲ್ಲಿ ಯಾವ ಹಕ್ಕಿ ಸಿಕ್ಕಿತೆಂಬುದು ತಿಳಿಯದು, ಗಾಯಗೊಂಡದ್ದನ್ನು ಹುಡುಕಲಾಗದು, ಗುಂಪಾಗಿ ತಂಗಿದ ಹಕ್ಕಿಗೆ ತಪ್ಪಿಸಿಕೊಳ್ಳುವ ದಾರಿಯೂ ಇರದು.

ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೊದಲಿಗೆ ಪರವಾನಗಿಯ ಬೇಟೆಗೆ ಎಡೆಯಿತ್ತಿದ್ದರೂ, ಇರುಳಿನಲ್ಲಿ ಮತ್ತು ದೀಪದ ಬೆಳಕಿನಲ್ಲಿ ಬೇಟೆಯಾಡುವುದನ್ನು, ಹಿಂಸ್ರಪಶುಗಳಿಗೆ ಸಂಬಂಧಿಸಿದ ವಿಶೇಷ ಅನುಮತಿಯ ಹೊರತು, ನಿಷೇಧಿಸಿತ್ತು. 1991ರ ತಿದ್ದುಪಡಿಯು ವಿನೋದದ ಬೇಟೆಗೇ ತೆರೆಯೆಳೆಯಿತು. ಡೇಗೆಯನ್ನಾಗಲಿ ಗೂಬೆಯನ್ನಾಗಲಿ ಕಾಡಿನಿಂದ ಹಿಡಿದು ತರುವುದು ಈಗ ಶಿಕ್ಷಾರ್ಹವಾದ ಅಪರಾಧ. ಆದರೂ ಮಾಟಮಂತ್ರದ ಮೂಢನಂಬಿಕೆಗೆ ಬಲಿಯಾಗುವ ಗೂಬೆಗಳು ಇನ್ನೂ ಇವೆ. ಅಪಶಕುನವೆಂದು ನಾವು ಹಳಿಯುವ ಈ ಹಕ್ಕಿಯು ನಮ್ಮ ಹೊಲದ, ಕಣಜದ ಇಲಿಗಳನ್ನು ತಿಂದು ಬದುಕುವಂಥದು. ಒಡೆಯನಿಲ್ಲದೆ, ತರಬೇತಿಯಿಲ್ಲದೆ, ಪ್ರತಿ ರಾತ್ರಿಯೂ ಅದು ರೈತನ ಕೆಲಸವನ್ನು ಮಾಡುತ್ತಿದೆ. ಇರುಳಿನ ಬೇಟೆಯ ಹಕ್ಕು ಯಾರಿಗಾದರೂ ಇರುವುದಾದರೆ ಅದು ಗೂಬೆಗೇ ಇರಲಿ. ಮರದ ಪೊಟರೆಯಲ್ಲಿ ಅದರ ಗೂಡನ್ನು ಕಂಡವರು ಅದನ್ನು ಕದಡದೆ ಹಿಂದಿರುಗಿದರೆ ಸಾಕು; ಅದೇ ನಾವು ಅದಕ್ಕೆ ಸಲ್ಲಿಸಬಹುದಾದ ಕೂಲಿ.