ಆಜ್ಞೆಯ ಮರುದಿನ

ಬಾಳೆಲೆಯಂಥ ಊರಿನಲ್ಲಿ ಹತ್ತು ಮನೆಗಳ ಜಗಲಿ ಏರಿದರೆ, ಗೋಡೆಯ ಮೇಲೆ ಸಮವಸ್ತ್ರ ತೊಟ್ಟವರ ಭಾವಚಿತ್ರ ಒಂದೆರಡಾದರೂ ಕಾಣದೆ ಇರುವುದಿಲ್ಲ. ಅಲ್ಲಿ ಕುಳಿತ ಹಿರಿಯರನ್ನು ಸೈನ್ಯದ ವಿಷಯವಾಗಿ ಮಾತನಾಡಿಸಿ ನೋಡಿ. ಹಿಮದ ಚಳಿ, ಹೇಸರಗತ್ತೆಯ ಹಠ, ಅಡುಗೆಯವನ ಕೈಗುಣ ಎಲ್ಲವನ್ನೂ ಸ್ವಾರಸ್ಯವಾಗಿ ಹೇಳುತ್ತಾರೆ. “ನೀವು ಕಳುಹಿಸಿದವರಲ್ಲಿ ಎಷ್ಟು ಮಂದಿ ಹಿಂದಿರುಗಿದರು?” ಎಂದು ಕೇಳಿದಿರೋ, ಕಾಫಿಯ ಲೋಟವನ್ನು ಕೆಳಗಿಟ್ಟು, “ಮಳೆ ಬರುವ ಹಾಗಿದೆ” ಎಂದು ಅಂಗಳದ ಕಡೆ ನೋಡುತ್ತಾರೆ.

ಆ ಮೌನದ ವಿಚಾರವಾಗಿಯೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದಕ್ಕೆ ನಾನು ಆರಿಸಿಕೊಂಡಿರುವ ನಿದರ್ಶನಗಳು ಮಾತ್ರ ಟೆಲಿವಿಷನ್ನಿನ ವೈಜ್ಞಾನಿಕ ಕಥೆಗಳು. ಆಕಾಶನೌಕೆಗೂ ಕೊಡಗಿನ ಜಗಲಿಗೂ ಎತ್ತಣ ಸಂಬಂಧವೆಂದು ನೀವು ನಗಬಹುದು. ಸ್ವಲ್ಪ ತಾಳಿ.

‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಧಾರಾವಾಹಿ 1966ರಲ್ಲಿ ಆರಂಭವಾಯಿತು. 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿಯೂ ಬಂದುದರಿಂದ ನಿಮ್ಮಲ್ಲಿ ಕೆಲವರು ಅದನ್ನು ನೋಡಿರಬಹುದು. 1967ರ ಒಂದು ಕಂತಿನಲ್ಲಿ ಕಪ್ತಾನ ಕರ್ಕ್ ಕಾಲದಲ್ಲಿ ಹಿಂದೆ ಸರಿದು 1930ರ ನ್ಯೂಯಾರ್ಕ್ ನಗರಕ್ಕೆ ಬರುತ್ತಾನೆ. ಅಲ್ಲಿ ಬಡವರಿಗೆ ಅನ್ನವಿಕ್ಕುವ ಈಡಿತ್ ಕೀಲರ್ ಎಂಬಾಕೆಯಲ್ಲಿ ಅವನಿಗೆ ಪ್ರೀತಿ ಹುಟ್ಟುತ್ತದೆ. ಆದರೆ ಆಕೆ ಬದುಕಿದರೆ ಚರಿತ್ರೆಯ ಗತಿ ಬದಲಾಗಿ ಹಿಟ್ಲರನಿಗೆ ಜಯವಾಗುವುದೆಂದು ತಿಳಿಯುತ್ತದೆ. ಬೀದಿಯಲ್ಲಿ ವಾಹನ ಆಕೆಯ ಮೇಲೆ ಬರುತ್ತಿರುವಾಗ, ಕಾಪಾಡಲು ಮುಂದಾದ ಗೆಳೆಯನನ್ನು ಕರ್ಕ್ ತಾನೇ ಹಿಡಿದು ನಿಲ್ಲಿಸುತ್ತಾನೆ. ಆಕೆ ಸಾಯುತ್ತಾಳೆ.

ಇಂಥ ಕಥೆಯನ್ನು ಕಂಡು ಯಾರ ಎದೆಯಾದರೂ ಕರಗೀತು. ಆದರೆ ಮುಂದಿನ ಕಂತುಗಳಲ್ಲಿ ಆ ಕಪ್ತಾನನನ್ನು ನೋಡಿ: ಹೆಂಗಸು ಸತ್ತ ಸುದ್ದಿಯೇ ಇಲ್ಲ! ಇದು ಬರೆದವರ ನಿಷ್ಕರುಣೆಯಲ್ಲ. ಆ ಕಾಲದ ಧಾರಾವಾಹಿಗಳಲ್ಲಿ ಪ್ರತಿ ಕಂತೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕಿತ್ತು. ಯಾವ ಕಂತನ್ನು ಮೊದಲು ನೋಡಿದರೂ ಅರ್ಥವಾಗಬೇಕಿತ್ತು. ಆದ್ದರಿಂದ ಕಥೆ ಮುಗಿಯುವಾಗ ನಾಯಕನು ಮೊದಲಿದ್ದಂತೆಯೇ ಆಗಿಬಿಡಬೇಕು. ಗಾಯವಾಗಬಹುದು, ಕಲೆ ಮಾತ್ರ ಉಳಿಯಬಾರದು.

ಕಲೆಯನ್ನು ಉಳಿಸುವ ಧೈರ್ಯ ಬರುವುದಕ್ಕೆ ವರ್ಷಗಳೇ ಹಿಡಿದವು. 1990ರಲ್ಲಿ ಅದೇ ಪರಂಪರೆಯ ಮುಂದಿನ ಧಾರಾವಾಹಿಯಲ್ಲಿ ಪಿಕಾರ್ಡ್ ಎಂಬ ಕಪ್ತಾನ ಶತ್ರುಗಳ ಕೈಗೆ ಸಿಕ್ಕುತ್ತಾನೆ. ಅವರು ಅವನ ದೇಹದಲ್ಲಿ ಯಂತ್ರಗಳನ್ನು ನೆಟ್ಟು, ಮನಸ್ಸನ್ನು ವಶಮಾಡಿಕೊಂಡು, ಅವನ ತಿಳಿವಳಿಕೆಯಿಂದಲೇ ಅವನವರ ನೌಕೆಗಳನ್ನು ನಾಶಮಾಡುತ್ತಾರೆ. ಅವನನ್ನು ಬಿಡಿಸಿ ತಂದದ್ದಾಯಿತು, ಶತ್ರುಗಳೂ ಸೋತರು. ಹಿಂದಿನ ರೀತಿಯಾದರೆ ಇಲ್ಲಿಗೆ ಮಂಗಳ. ಆದರೆ ಅದರ ಮುಂದಿನ ಕಂತಿನಲ್ಲಿ ಪಿಕಾರ್ಡ್ ಯಾವ ಯುದ್ಧಕ್ಕೂ ಹೋಗುವುದಿಲ್ಲ, ಊರಿಗೆ ಹೋಗುತ್ತಾನೆ. ಫ್ರಾನ್ಸಿನ ಹಳ್ಳಿಯೊಂದರಲ್ಲಿ ಅವನ ಅಣ್ಣ ದ್ರಾಕ್ಷಿತೋಟ ನೋಡಿಕೊಂಡಿದ್ದಾನೆ. ಅಣ್ಣತಮ್ಮಂದಿರಲ್ಲಿ ಹಳೆಯ ಮುನಿಸು. ಮಾತಿಗೆ ಮಾತು ಬೆಳೆದು ಇಬ್ಬರೂ ತೋಟದ ಕೆಸರಿನಲ್ಲಿ ಬಿದ್ದು ಹೊಡೆದಾಡುತ್ತಾರೆ. ಮೊದಲು ನಗು, ಅನಂತರ ಕಪ್ತಾನನ ಅಳು. ತಡೆಯಬೇಕೆಂದು ಹೆಣಗಿದರೂ ಕೈಲಾಗಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಅಣ್ಣ ಅದನ್ನು ಮರೆತುಬಿಡೆನ್ನುವುದಿಲ್ಲ; ಹೊತ್ತುಕೊಂಡೇ ಬಾಳಬೇಕಾಗುತ್ತದೆ ಎನ್ನುತ್ತಾನೆ. ದ್ರಾಕ್ಷಿಯ ಜಾಗದಲ್ಲಿ ಕಾಫಿಯನ್ನಿಟ್ಟರೆ, ಇದು ನಮ್ಮ ಸೀಮೆಯ ಕಥೆಯೇ ಅಲ್ಲವೆ?

ಇನ್ನೊಂದು ನಿದರ್ಶನ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಎಂಬ ಧಾರಾವಾಹಿಯ 2004ರ ಒಂದು ಕಂತು. ಅಳಿದುಳಿದ ಮನುಷ್ಯರು ನೌಕೆಗಳಲ್ಲಿ ಓಡುತ್ತಿದ್ದಾರೆ; ಪ್ರತಿ 33 ನಿಮಿಷಕ್ಕೊಮ್ಮೆ ಶತ್ರುಗಳು ಬಂದೆರಗುತ್ತಾರೆ; ಐದು ದಿನಗಳಿಂದ ಯಾರಿಗೂ ನಿದ್ರೆಯಿಲ್ಲ. ಹಿಂದುಳಿದಿದ್ದ ಪ್ರಯಾಣಿಕರ ನೌಕೆಯೊಂದು ಹಿಂದಿರುಗುತ್ತದೆ. ಶತ್ರುಗಳಿಗೆ ಜಾಡು ತೋರಿಸುತ್ತಿರುವುದು ಅದೇ ಎಂಬ ಅನುಮಾನ. ಅದನ್ನು ಹೊಡೆದುರುಳಿಸಲು ಆಜ್ಞೆಯಾಗುತ್ತದೆ. ಒಳಗೆ ಜನರಿದ್ದರೇ? ಗುಂಡು ಹಾರಿಸಿದವರಿಗೂ, ಆಜ್ಞೆ ಕೊಟ್ಟವರಿಗೂ ಅದು ಖಚಿತವಾಗಿ ತಿಳಿಯುವುದೇ ಇಲ್ಲ. ಅಧಿಕಾರದ ಕಷ್ಟವೆಲ್ಲ ಇಲ್ಲಿದೆ. ಪೂರ್ತಿ ತಿಳಿದ ಮೇಲೆ ನಿರ್ಧರಿಸುವ ಭಾಗ್ಯ ಅಧಿಕಾರಿಗಿಲ್ಲ; ನಿರ್ಧರಿಸಿದ ಮೇಲೆ ಮರೆಯುವ ಭಾಗ್ಯವೂ ಇಲ್ಲ.

ಈಗ ಕಥೆಯನ್ನು ಬಿಟ್ಟು ನಿಜಕ್ಕೆ ಬರೋಣ. 1965ರ ಯುದ್ಧದ ಕೊನೆಯಲ್ಲಿ ಕೆ. ಎಂ. ಕಾರ್ಯಪ್ಪನವರ ಮಗ, ವಾಯುಪಡೆಯ ವಿಮಾನಚಾಲಕ ನಂದಾ ಕಾರ್ಯಪ್ಪನವರು, ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನರು ದೇಶ ಇಬ್ಭಾಗವಾಗುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಮಗನನ್ನು ಬಿಡುವೆವೆಂದು ಅವರಿಂದ ಸಂದೇಶ ಬಂದಾಗ, ಸೆರೆಯಲ್ಲಿರುವವರೆಲ್ಲರೂ ನನ್ನ ಮಕ್ಕಳೇ, ಒಬ್ಬನಿಗಾಗಿ ಏನೂ ಬೇಡವೆಂದು ತಂದೆ ಉತ್ತರಿಸಿದರೆಂಬುದು ಕೊಡಗಿನ ಮಗುವಿಗೂ ಗೊತ್ತು. ಮಗ ಹಿಂದಿರುಗಿದ್ದು 1966ರ ಜನವರಿಯಲ್ಲಿ.

ಈ ಪ್ರಸಂಗವನ್ನು ನಾವು ಆ ಉತ್ತರದೊಂದಿಗೇ ಮುಗಿಸುತ್ತೇವೆ. ಕೇಳಿದವರು ಚಪ್ಪಾಳೆ ತಟ್ಟುತ್ತಾರೆ. ಉತ್ತರ ಕೊಟ್ಟ ಆ ರಾತ್ರಿ ಮಡಿಕೇರಿಯ ಮನೆಯಲ್ಲಿ ತಂದೆ ಹೇಗೆ ಕಳೆದಿರಬಹುದು? ಅದರ ಮರುದಿನ? ಮಗ ಬರುವವರೆಗಿನ ತಿಂಗಳುಗಳು? ಅದನ್ನು ನಾವು ಕೇಳುವುದಿಲ್ಲ. ನಮ್ಮ ವೀರರ ಕಥೆಗಳನ್ನು ನಾವಿನ್ನೂ 1967ರ ಧಾರಾವಾಹಿಯಂತೆಯೇ ಹೇಳುತ್ತಿದ್ದೇವೆ: ನಿರ್ಧಾರವಾಯಿತು, ಕಂತು ಮುಗಿಯಿತು.

ಇದು ಹೊಸಬರ ದೌರ್ಬಲ್ಯವೆಂದು ತಿಳಿಯಬೇಡಿ. ಕುರುಕ್ಷೇತ್ರವನ್ನು ಗೆದ್ದ ಧರ್ಮರಾಯನು ಸಿಂಹಾಸನವೇ ಬೇಡವೆಂದು ಕುಳಿತನು. ಅವನ ದುಃಖವನ್ನು ಶಮನಗೊಳಿಸಲು ಭಾರತದಲ್ಲಿ ಒಂದು ಶಾಂತಿಪರ್ವವೇ ಬೇಕಾಯಿತು. ಒಂದನೆಯ ಮಹಾಯುದ್ಧದ ಕಾಲದ ವೈದ್ಯರು ಇಂಥ ಗಾಯವನ್ನು ‘ಷೆಲ್ ಷಾಕ್’ ಎಂದರು. ಈಗಿನ ವೈದ್ಯಶಾಸ್ತ್ರದ ಹೆಸರು 1980ರಲ್ಲಿ ಬಂತು. ಹೆಸರು ಯಾವುದಾದರೇನು, ಅದು ಗಾಯವೇ ಹೊರತು ಹೇಡಿತನವಲ್ಲ; ನಿದ್ರೆಗೆಟ್ಟು ನರಳುವವರಿಗೆ ವೈದ್ಯರ ಸಹಾಯವೂ ಉಂಟು.

ಆದ್ದರಿಂದ ನನ್ನ ವಿಜ್ಞಾಪನೆ ಇಷ್ಟೆ. ಮಕ್ಕಳು ಇಂಥ ಧಾರಾವಾಹಿಗಳನ್ನು ನೋಡುತ್ತಿದ್ದರೆ ಹುಡುಗಾಟಿಕೆಯೆಂದು ಗದರಿಸದೆ ನೀವೂ ಒಮ್ಮೆ ಪಕ್ಕದಲ್ಲಿ ಕುಳಿತುಕೊಳ್ಳಿ. ಮನೆಯಲ್ಲಿ ಸೈನ್ಯದಿಂದ ಬಂದ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಪ್ರಶ್ನೆಗಳನ್ನು ಸುರಿಸಬೇಡಿ. ಅವರು “ಮಳೆ ಬರುವ ಹಾಗಿದೆ” ಎಂದರೆ, “ಹೌದಜ್ಜ” ಎಂದು ಅಲ್ಲೇ ಕುಳಿತಿರಿ. ಒಂದಲ್ಲ ಒಂದು ದಿನ ಮಳೆಯ ಮಾತು ಮುಗಿದು ಇನ್ನೊಂದು ಮಾತು ಬಂದೀತು. ಆ ಹೊತ್ತಿಗೆ ಕೇಳಲು ಯಾರಾದರೂ ಪಕ್ಕದಲ್ಲಿರಬೇಕು.