ಎರಡು ಕಡೆ ಸೀಟು ಬಂದಾಗ ಯಾವುದನ್ನು ಹಿಡಿಯಬೇಕು?

(ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ವೈದ್ಯಕೀಯ ಕಾಲೇಜಿನ ಪಟ್ಟಿ ಹೊರಬಿದ್ದಿತೆಂದರೆ ಗಿರಣಿಯ ಬಾಗಿಲಲ್ಲಿಯೂ ಪೇಟೆಯ ಅಂಗಡಿಗಳಲ್ಲಿಯೂ ಅದೇ ಮಾತು. ಸೀಟು ಸಿಗದವರ ಸಂಕಟ ಎಲ್ಲರಿಗೂ ಗೊತ್ತು. ಆದರೆ ಎರಡು ಕಡೆ ಸೀಟು ಬಂದು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂದು ತಿಳಿಯದೆ ತಂದೆತಾಯಿಗಳು ನಿದ್ದೆಗೆಡುವುದೂ ಉಂಟು. ಈ ವಿಷಯದಲ್ಲಿ ಅವಸರದಿಂದ ಇಟ್ಟ ಒಂದು ಹೆಜ್ಜೆಯಿಂದ ಮನೆ ಅಡಮಾನವಾದೀತು. ಆದುದರಿಂದ ಇಂದು ಅದರ ಲೆಕ್ಕವನ್ನು ನಿಮ್ಮ ಮುಂದೆ ಬಿಡಿಸಿಡುತ್ತೇನೆ.

ಮೊದಲು ಸ್ವಲ್ಪ ಹಿಂದಿನದನ್ನು ನೆನೆಯೋಣ. 1924ರಲ್ಲಿ ಮೈಸೂರು ವೈದ್ಯಕೀಯ ಕಾಲೇಜು ಹುಟ್ಟಿತು. 1955ರಲ್ಲಿ ಬೆಂಗಳೂರಿನಲ್ಲಿ, 1957ರಲ್ಲಿ ಹುಬ್ಬಳ್ಳಿಯಲ್ಲಿ ಕಾಲೇಜುಗಳಾದವು. 1953ರಲ್ಲಿಯೇ ಮಣಿಪಾಲದಲ್ಲಿ ಖಾಸಗಿ ಕಾಲೇಜು ಆರಂಭವಾಗಿತ್ತು. ಬರಬರುತ್ತ ಖಾಸಗಿ ಕಾಲೇಜುಗಳು ಹೆಚ್ಚಿದವು, ಅವುಗಳೊಡನೆ ಡೊನೇಷನ್ನಿನ ಪಿಡುಗೂ ಬೆಳೆಯಿತು. ಇದನ್ನು ತಡೆಯಲು 1984ರಲ್ಲಿ ನಮ್ಮ ರಾಜ್ಯ ಕಾನೂನು ಮಾಡಿತು. ಆದರೂ 1992ರಲ್ಲಿ ಮೋಹಿನಿ ಜೈನ್ ಎಂಬ ಮೀರತ್ತಿನ ಹುಡುಗಿಯ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದಾಗ ಹೊರಬಂದ ದರಗಳನ್ನು ಕೇಳಿ: ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಖಾಸಗಿ ಕಾಲೇಜಿನಲ್ಲಿ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000! ದುಡ್ಡು ಕಟ್ಟಿದವನಿಗೆ ವಿದ್ಯೆಯೆಂಬ ಈ ಪದ್ಧತಿ ಸಂವಿಧಾನಕ್ಕೆ ಒಪ್ಪತಕ್ಕದ್ದಲ್ಲವೆಂದು ನ್ಯಾಯಾಲಯ ಹೇಳಿತು. 1994ರಲ್ಲಿ ನಮ್ಮಲ್ಲಿ ಸಿ.ಇ.ಟಿ. ಬಂದಿತು, 2016ರಿಂದ ದೇಶಕ್ಕೆಲ್ಲ ನೀಟ್ ಪರೀಕ್ಷೆ ಕಡ್ಡಾಯವಾಯಿತು. ಖಾಸಗಿ ಸೀಟೂ ಈಗ ಕೌನ್ಸೆಲಿಂಗಿನ ಮೂಲಕವೇ ಹಂಚಿಕೆಯಾಗಬೇಕು. "ಮುಂಗಡ ಕೊಡಿ, ಸೀಟು ಕೊಡಿಸುತ್ತೇನೆ" ಎಂದು ಬರುವ ದಲ್ಲಾಳಿಯನ್ನು ಹೊಸಿಲು ದಾಟಗೊಡಬೇಡಿ.

ಆದರೆ ಸೀಟು ರ‍್ಯಾಂಕಿನ ಮೇಲೆ ಬಂದ ಮಾತ್ರಕ್ಕೆ ದರ ಒಂದೇ ಆಗಲಿಲ್ಲ. ಒಂದೇ ಖಾಸಗಿ ಕಾಲೇಜು, ಒಂದೇ ಬೆಂಚು, ಪಾಠ ಹೇಳುವವರೂ ಅವರೇ. ಸರಕಾರಿ ಕೋಟಾದ ಹುಡುಗ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು ಕಟ್ಟಿದರೆ, ಪಕ್ಕದಲ್ಲಿ ಕುಳಿತ ಖಾಸಗಿ ಕೋಟಾದವನು ಹತ್ತು ಲಕ್ಷಕ್ಕೂ ಮೇಲೆ ಕಟ್ಟುತ್ತಾನೆ. ಆದುದರಿಂದ ಪತ್ರದಲ್ಲಿ ಕಾಲೇಜಿನ ಹೆಸರನ್ನಷ್ಟೇ ಓದಬೇಡಿ, ಸೀಟು ಯಾವ ಕೋಟಾದ್ದೆಂಬುದನ್ನು ಮೊದಲು ಓದಿ.

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಕೆಲಸಗಾರನೊಬ್ಬನ ಮಗಳಿಗೆ ದೂರದ ಬೀದರದಲ್ಲಿಯೋ ಕಾರವಾರದಲ್ಲಿಯೋ ಸರಕಾರಿ ಸೀಟು ಬರುತ್ತದೆ. ಮನೆಯ ಹತ್ತಿರದ ಕಾಲೇಜಿನಲ್ಲಿ ಖಾಸಗಿ ಕೋಟಾದ ಸೀಟೂ ಸಿಗುವಂತಿದೆ. "ಹೆಣ್ಣುಮಗು, ಅಷ್ಟು ದೂರ ಹೇಗೆ ಕಳಿಸುವುದು?" ಎಂದು ಮನೆಯವರು ಹತ್ತಿರದ್ದಕ್ಕೆ ವಾಲುತ್ತಾರೆ. ಇಲ್ಲಿ ಪೆನ್ಸಿಲು ಹಿಡಿಯಿರಿ. ಓದು ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ವರ್ಷಕ್ಕೆ ಹತ್ತು ಲಕ್ಷವೆಂದರೂ ಶುಲ್ಕವೇ 45 ಲಕ್ಷ. ನೂರಕ್ಕೆ ಹತ್ತರ ಬಡ್ಡಿಯಂತೆ ಅಷ್ಟು ಸಾಲಕ್ಕೆ ವರ್ಷದ ಬಡ್ಡಿ ನಾಲ್ಕೂವರೆ ಲಕ್ಷ, ತಿಂಗಳಿಗೆ 37,500 ರೂಪಾಯಿ. ಅಸಲು ಹಾಗೆಯೇ ಉಳಿದಿರುತ್ತದೆ. ಸರಕಾರಿ ಕಾಲೇಜಿನ ವರ್ಷದ ಶುಲ್ಕ ಲಕ್ಷದ ಒಳಗೇ ಇದೆ. ಲಕ್ಷವೆಂದೇ ಹಿಡಿದರೂ ಇಡೀ ಓದಿಗೆ ನಾಲ್ಕೂವರೆ ಲಕ್ಷ. ಅಂದರೆ ಅಲ್ಲಿಯ ಒಂದು ವರ್ಷದ ಬಡ್ಡಿಯಲ್ಲಿ ಇಲ್ಲಿಯ ಓದೆಲ್ಲ ಮುಗಿಯಿತು! ಏಳೂವರೆ ಲಕ್ಷ ಮೀರಿದ ವಿದ್ಯಾಭ್ಯಾಸ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ನಮ್ಮಲ್ಲಿ ಆಸ್ತಿಯೆಂದರೆ ಇರುವ ಮನೆ, ಇಲ್ಲವೆ ಅಂಗಡಿ.

"ಡಾಕ್ಟರಾದ ಮೇಲೆ ಎರಡೇ ವರ್ಷದಲ್ಲಿ ದುಡಿದು ತೀರಿಸುತ್ತಾಳೆ" ಎನ್ನುವವರಿದ್ದಾರೆ. ಎಂ.ಬಿ.ಬಿ.ಎಸ್. ಆದ ಮೇಲೆ ಹೆಚ್ಚಿನವರು ಇನ್ನೂ ಮೂರು ವರ್ಷ ಮೇಲಿನ ಓದಿಗೆ ಹೋಗಲು ಬಯಸುತ್ತಾರೆ. ಬಡ್ಡಿ ಅಲ್ಲಿಯವರೆಗೆ ಕಾದು ಕೂರುವುದಿಲ್ಲ. ಅದಲ್ಲದೆ ಸಾಲ ಹೊತ್ತ ಡಾಕ್ಟರು ಅದನ್ನು ಯಾರಿಂದ ವಸೂಲು ಮಾಡಬೇಕು? ರೋಗಿಯಿಂದಲೇ ತಾನೆ? ಆ ರೋಗಿಗಳು ನಾವೂ ನೀವೂ.

ಇನ್ನು ವಿದ್ಯೆಯ ಮಾತು. ರಾಜ್ಯದ ಸರಕಾರಿ ಕಾಲೇಜುಗಳೂ ಬಹುಪಾಲು ಖಾಸಗಿ ಕಾಲೇಜುಗಳೂ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಪ್ರಶ್ನೆಪತ್ರಿಕೆ ಒಂದೇ, ಪದವಿಯೂ ಒಂದೇ. ಡೀಮ್ಡ್ ವಿಶ್ವವಿದ್ಯಾಲಯಗಳದು ಮಾತ್ರ ಬೇರೆ; ಅವು ತಮ್ಮ ಪರೀಕ್ಷೆಯನ್ನು ತಾವೇ ನಡೆಸುತ್ತವೆ. ಮೇಲಿನ ಓದಿಗೆ ಮತ್ತೆ ನೀಟ್ ಬರೆಯಬೇಕು. ಅಲ್ಲಿ ಕೇಳುವುದು ರ‍್ಯಾಂಕನ್ನು, ಕಾಲೇಜಿನ ಹೆಸರನ್ನಲ್ಲ. ಹಾಗೆಂದು ಸರಕಾರಿ ಕಾಲೇಜುಗಳೆಲ್ಲ ಸಮನಾಗಿವೆಯೆಂದು ನಾನು ಹೇಳುವುದಿಲ್ಲ. ಸಾಧ್ಯವಾದರೆ ಹೋಗಿ ನೋಡಿ ಬನ್ನಿ. ಕಟ್ಟಡದ ಗಾಜನ್ನು ನೋಡಬೇಡಿ, ಆಸ್ಪತ್ರೆಯನ್ನು ನೋಡಿ. ಹೊರರೋಗಿಗಳ ಸಾಲು ಎಷ್ಟುದ್ದ ಇದೆ, ವಾರ್ಡಿನ ಮಂಚಗಳು ತುಂಬಿವೆಯೆ, ಪಾಠ ಹೇಳುವವರು ನಿಜವಾಗಿ ಬರುತ್ತಾರೆಯೆ, ಹೆಣ್ಣುಮಕ್ಕಳ ಹಾಸ್ಟೆಲು ಹೇಗಿದೆ ಎಂಬುದನ್ನು ಎರಡನೆಯ, ಮೂರನೆಯ ವರ್ಷದ ಹುಡುಗರನ್ನು ಕೇಳಿ. ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಡಾಕ್ಟರು ತಯಾರಾಗುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಗದ್ದಲದಲ್ಲಿ ಕಲಿತವರ ಕೈ ಪಳಗುತ್ತದೆ.

ಕೊನೆಯದಾಗಿ ಆಯ್ಕೆಪಟ್ಟಿಯ ವಿಚಾರ. ಪರೀಕ್ಷಾ ಪ್ರಾಧಿಕಾರಕ್ಕೆ ಕೊಡುವ ಪಟ್ಟಿಯಲ್ಲಿ ಮೇಲೆ ಬರೆದದ್ದು ಮೊದಲು. ಒಂದು ಸುತ್ತಿನಲ್ಲಿ ಸೀಟು ಬಂದ ಮೇಲೆ "ಇದು ಇರಲಿ, ಇದಕ್ಕಿಂತ ಮೇಲಿನದು ಸಿಕ್ಕರೆ ಕೊಡಿ" ಎಂದು ಕಾಯುವ ಅವಕಾಶವುಂಟು. ಆದರೆ ಮೇಲಿನದು ಸಿಕ್ಕಿತೋ, ಹಿಂದಿನದು ತಾನಾಗಿ ಕೈಬಿಟ್ಟು ಮುಂದಿನ ರ‍್ಯಾಂಕಿನವರಿಗೆ ಹೋಗುತ್ತದೆ. ಮತ್ತೆ ಬೇಡಿದರೆ ಬರುವುದಿಲ್ಲ. ಆದಕಾರಣ, ಕಟ್ಟಲಾಗದ ದರದ ಸೀಟನ್ನು ಸರಕಾರಿ ಸೀಟಿನ ಮೇಲೆ ಎಂದಿಗೂ ಬರೆಯಬೇಡಿ. ಸರಕಾರಿ ಕಾಲೇಜುಗಳ ನೂರಕ್ಕೆ ಹದಿನೈದು ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರಿ ಕೇಂದ್ರದ ಸಮಿತಿಯಿಂದ ಹಂಚಿಕೆಯಾಗುತ್ತವೆ. ಎರಡೂ ಕಡೆಯ ತಾರೀಖುಗಳನ್ನು ಗೋಡೆಯ ಮೇಲೆ ಬರೆದಿಡಿ. ಆ ವರ್ಷದ ನಿಯಮವನ್ನು ಪೂರ್ತಿ ಓದದೆ ಗುಂಡಿ ಒತ್ತಬೇಡಿ. ಯಾವ ಕಾಲೇಜೇ ಇರಲಿ, ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಬಂಧುಗಳೆ, ಮಗಳು ಹಗಲಿರುಳು ಓದಿ ಗಳಿಸಿದ ಸರಕಾರಿ ಸೀಟನ್ನು ದೂರವೆಂಬ ಒಂದೇ ಕಾರಣಕ್ಕೆ ಬಿಟ್ಟುಕೊಡಬೇಡಿ. ರೈಲಿನ ದಾರಿ ಒಂದು ರಾತ್ರಿಯದು. ಸಾಲದ ದಾರಿ ಇಪ್ಪತ್ತು ವರ್ಷದ್ದಾದೀತು. ಪತ್ರ ಬಂದ ಮನೆಯವರು ಸಂಜೆ ಸಂಘದ ಕಚೇರಿಗೆ ತಂದು ತೋರಿಸಿ. ಕೂತು ಓದೋಣ, ಲೆಕ್ಕ ಹಾಕೋಣ, ಆಮೇಲೆ ನಿಶ್ಚಯಿಸೋಣ.