ವ್ಯಸನಿಯ ಶುಶ್ರೂಷೆ

(ಮಹೋತ್ಸವದ ಸಭೆಯಲ್ಲಿ ಓದಲ್ಪಟ್ಟ ಉಪನ್ಯಾಸ)



ಇಳಕಲ್ಲಿನ ಡಾಕ್ಟರ್ ಮಹಾಂತ ಶಿವಯೋಗಿಗಳವರು 1975ನೆಯ ಇಸವಿಯಿಂದ ಮೊದಲ್ಗೊಂಡು ಊರೂರು ಸಂಚರಿಸಿ, ಜೋಳಿಗೆಯನ್ನೊಡ್ಡಿ, ಕಾಳುಕಡಿಯನ್ನು ಬೇಡದೆ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಸಂಗತಿಯನ್ನು ತಾವೆಲ್ಲರೂ ಬಲ್ಲಿರಿ. ಅವರ ಜನ್ಮದಿನವಾದ ಆಗಸ್ಟ್ 1ನೆಯ ತಾರೀಖು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲ್ಪಡುತ್ತಿದೆ. ಆ ಜೋಳಿಗೆಗೆ ಚಟವನ್ನು ಹಾಕಿ ಹಗುರಾಗಿ ಮನೆಗೆ ಮರಳಿದವರು ಧನ್ಯರೇ ಸರಿ. ಆದರೆ ಹಾಕಲೆಂದು ಬಂದು, ಕೈ ನಡುಗಿ, ಹಾಕಲಾರದೆ ಹಿಂದಿರುಗಿದವನ ಗತಿಯೇನು? ಹಾಕಿದ ಮೂರು ತಿಂಗಳಿಗೆ ಮತ್ತೆ ಎತ್ತಿಕೊಂಡವನ ಗತಿಯೇನು? ಅಂಥವನೇ ಈ ಉಪನ್ಯಾಸದ ವಿಷಯ.

ಇಂಥವನನ್ನು ಬಯ್ದು, ನಾಚಿಸಿ, ಹೊರಗಟ್ಟಿದರೆ ಬುದ್ಧಿ ಬಂದೀತೆಂಬುದು ಲೋಕದ ರೂಢಿಯ ಎಣಿಕೆ. ವೈದ್ಯಶಾಸ್ತ್ರದ ಅನುಭವವು ಬೇರೆಯಾಗಿದೆ. ಅಫೀಮಿನ ಜಾತಿಗೆ ಸೇರಿದ ಹೆರಾಯಿನ್ ಮೊದಲಾದ ದ್ರವ್ಯಗಳು ಮೆದುಳಿನಲ್ಲಿ ಉಸಿರಾಟವನ್ನು ನಡೆಯಿಸುವ ಶಕ್ತಿಯನ್ನು ಕುಗ್ಗಿಸುತ್ತವೆ. ದಿನವೂ ಸೇವಿಸುವವನ ದೇಹವು ಕ್ರಮೇಣ ಇದಕ್ಕೆ ಒಗ್ಗಿಕೊಂಡಿರುತ್ತದೆ. ಕೆಲವು ವಾರ ಬಿಟ್ಟನೆಂದರೆ ಆ ಒಗ್ಗಿಕೆಯು ಹೋಗಿಬಿಡುತ್ತದೆ. ಬಳಿಕ ಒಂದು ದಿನ ಮನಸ್ಸು ಸೋತು ಹಿಂದಿನ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ಬಿಡಲು ಯತ್ನಿಸಿದವನೇ ಹೀಗೆ ಸಾಯುವುದು ಎಷ್ಟು ದಾರುಣ! ನಾಲೊಕ್ಸೋನ್ ಎಂಬ ಔಷಧವನ್ನು ಕೂಡಲೇ ಕೊಟ್ಟರೆ ಉಸಿರು ಮರಳುವುದುಂಟು. ಆದರೆ ಕೊಡುವವನೊಬ್ಬನು ಬಳಿಯಲ್ಲಿರಬೇಕಷ್ಟೆ. ನಾಚಿಕೆಗೊಂಡವನು ಕದವಿಕ್ಕಿಕೊಂಡು ಒಬ್ಬನೇ ಸೇವಿಸುತ್ತಾನೆ.

ಕೆನಡಾ ದೇಶದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ನಗರವು ಈ ಪಾಠವನ್ನು ಬಹು ಬೆಲೆ ತೆತ್ತು ಕಲಿಯಿತು. ಅಲ್ಲಿಯ ಡೌನ್‌ಟೌನ್ ಈಸ್ಟ್‌ಸೈಡ್ ಎಂಬ ಬಡಕೇರಿಯಲ್ಲಿ ಒಂದೇ ಸೂಜಿಯನ್ನು ಹಲವರು ಚುಚ್ಚಿಕೊಂಡು ಎಚ್‌ಐವಿ ಸೋಂಕು ಹರಡಿ, 1997ರಲ್ಲಿ ಆರೋಗ್ಯಮಂಡಳಿಯು ತುರ್ತುಪರಿಸ್ಥಿತಿಯನ್ನು ಸಾರಬೇಕಾಯಿತು. 2003ರ ಸೆಪ್ಟೆಂಬರಿನಲ್ಲಿ ಹೇಸ್ಟಿಂಗ್ಸ್ ಬೀದಿಯಲ್ಲಿ ‘ಇನ್‌ಸೈಟ್’ ಎಂಬ ಶುಶ್ರೂಷಾಗೃಹವು ತೆರೆಯಲ್ಪಟ್ಟಿತು. ಅಲ್ಲಿ ಮಾದಕದ್ರವ್ಯವನ್ನು ಕೊಡುವುದಿಲ್ಲ. ವ್ಯಸನಿಯು ತನ್ನದನ್ನು ತಾನೇ ತರುತ್ತಾನೆ. ಶುದ್ಧವಾದ ಸೂಜಿಯನ್ನು ಪಡೆದು, ದಾದಿಯ ಕಣ್ಣೆದುರಿನಲ್ಲಿ ಕುಳಿತು ಸೇವಿಸುತ್ತಾನೆ. ಉಸಿರು ಕುಂದಿದರೆ ದಾದಿಯು ಆಮ್ಲಜನಕವನ್ನೂ ನಾಲೊಕ್ಸೋನನ್ನೂ ಕೊಡುತ್ತಾಳೆ. ಹುಣ್ಣಿದ್ದರೆ ತೊಳೆದು ಕಟ್ಟುತ್ತಾಳೆ. ಬಿಡುವ ಮನಸ್ಸಾದೆನೆಂದರೆ ಚಿಕಿತ್ಸೆಯ ದಾರಿಯೂ ಅಲ್ಲಿಂದಲೇ.

ಇದು ಪಾಪಕ್ಕೆ ಹಾಸಿಗೆ ಹಾಸಿದಂತಾಗಲಿಲ್ಲವೇ ಎಂದು ಸಜ್ಜನರು ಕೇಳುವುದು ಸಹಜ, ಕೆನಡಾದಲ್ಲಿಯೂ ಕೇಳಿದರು. ಅಲ್ಲಿಯ ಕೇಂದ್ರಸರಕಾರವು ಅದನ್ನು ಮುಚ್ಚಿಸಲು ಹೊರಟಾಗ, 2011ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯದ 9 ಮಂದಿ ನ್ಯಾಯಾಧೀಶರೂ ಏಕಮತದಿಂದ ಅದನ್ನು ಉಳಿಸಿದರು. ಅದೇ ವರ್ಷ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬಂದ ಲೆಕ್ಕವು ಹೀಗಿತ್ತು: ಆ ಗೃಹದ ಸುತ್ತಣ 500 ಮೀಟರಿನೊಳಗೆ ಅತಿಸೇವನೆಯ ಮರಣಗಳು ನೂರಕ್ಕೆ 35ರಷ್ಟು ತಗ್ಗಿದುವು, ನಗರದ ಉಳಿದ ಭಾಗದಲ್ಲಿ ತಗ್ಗಿದ್ದು ನೂರಕ್ಕೆ 9ರಷ್ಟು ಮಾತ್ರ. ಇದರಿಂದ ಎಲ್ಲವೂ ಸರಿಹೋಯಿತೆನ್ನುವಂತಿಲ್ಲ. ಫೆಂಟಾನಿಲ್ ಎಂಬ ಉಗ್ರದ್ರವ್ಯವು ಬೆರೆತು ಬರತೊಡಗಿ, 2016ರಲ್ಲಿ ಆ ಪ್ರಾಂತವು ಮತ್ತೆ ತುರ್ತುಪರಿಸ್ಥಿತಿಯನ್ನು ಸಾರಿತು. ಒಂದು ಗೃಹದ ಬಾಗಿಲಿಗೆ ಎಷ್ಟು ಮಂದಿ ಬಂದಾರು?

ಆ ಬಡಕೇರಿಯಲ್ಲಿ ಸುಮಾರು 12 ವರ್ಷ ವೈದ್ಯವೃತ್ತಿಯನ್ನು ನಡೆಯಿಸಿದ ಗೇಬರ್ ಮಾಟೆ ಎಂಬವರು 2008ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಚಟದ ಬೇರನ್ನು ಬಾಲ್ಯದ ನೋವಿನಲ್ಲಿ ಹುಡುಕಿದ್ದಾರೆ. ಅಲ್ಲಿಯ ಮೂಲನಿವಾಸಿಗಳ ಮಕ್ಕಳನ್ನು ತಾಯ ಮಡಿಲಿನಿಂದ ಕಿತ್ತು ವಸತಿಶಾಲೆಗಳಲ್ಲಿಟ್ಟು, ಅವರ ಭಾಷೆಯನ್ನೂ ಆಡಗೊಡದೆ ಹಿಂಸಿಸಿದ ಕ್ರಮವು 1990ರ ದಶಕದವರೆಗೂ ಇದ್ದಿತು. ಆ ಮಕ್ಕಳೂ ಅವರ ಮಕ್ಕಳೂ ಆ ಬೀದಿಯಲ್ಲಿ ಬಹಳವಾಗಿ ಕಾಣುತ್ತಾರೆ. ಅಮೆರಿಕದಲ್ಲಿ ಫೆಲಿಟ್ಟಿ, ಆಂಡಾ ಎಂಬ ವೈದ್ಯರು 1998ರಲ್ಲಿ ಪ್ರಕಟಿಸಿದ ಪರಿಶೋಧನೆಯೂ, ಅದರ ಮುಂದುವರಿದ 2003ರ ಲೇಖನವೂ ಇದನ್ನೇ ಎತ್ತಿಹಿಡಿದುವು: ಹೊಡೆತ, ಅತ್ಯಾಚಾರ, ಮನೆಯೊಳಗಿನ ಕುಡಿತ ಮೊದಲಾದ ಸಂಕಟಗಳಲ್ಲಿ 5 ಅಥವಾ ಹೆಚ್ಚು ಬಗೆಗಳನ್ನು ಬಾಲ್ಯದಲ್ಲಿ ಕಂಡವರು, ಏನೂ ಕಾಣದವರಿಗಿಂತ 7ರಿಂದ 10 ಪಟ್ಟು ಅಧಿಕವಾಗಿ ಮಾದಕದ್ರವ್ಯದ ತೊಂದರೆಗೆ ಸಿಕ್ಕಿದ್ದರು. ಆದಕಾರಣ ನುರಿತ ಶುಶ್ರೂಷಕನು ‘ನಿನಗೇನು ಕೇಡು ಬಂದಿದೆ’ ಎಂದು ಗದರಿಸದೆ, ‘ನಿನಗೇನಾಯಿತಪ್ಪಾ’ ಎಂದು ಕೇಳುತ್ತಾನೆ. ಉತ್ತರಕ್ಕೆ ಅವಸರಪಡಿಸುವುದಿಲ್ಲ. ಬಾಗಿಲನ್ನು ಏಕಾಏಕಿ ಹಾಕುವುದಿಲ್ಲ. ಹೇಳದೆ ಮೈ ಮುಟ್ಟುವುದಿಲ್ಲ. ಹಿಂದೆ ಹೊಡೆತ ತಿಂದವನ ದೇಹಕ್ಕೆ ಇವು ಹೊಸ ಹೊಡೆತಗಳಾಗಿಯೇ ತೋರುತ್ತವೆ.

ಭಾರತದಲ್ಲಿಯೂ ಸರಕಾರದ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಕೇಂದ್ರಗಳಲ್ಲಿ ಹೆರಾಯಿನಿಗೆ ಬದಲಾಗಿ ಬುಪ್ರೆನಾರ್ಫಿನ್ ಗುಳಿಗೆಯನ್ನು ಸೇವಕರ ಎದುರಿನಲ್ಲಿ ನಾಲಗೆಯ ಕೆಳಗಿರಿಸಿ ಕರಗಿಸಲು ಕೊಡುತ್ತಾರೆ. ಅದನ್ನು ಪಡೆದವನು ನೆಟ್ಟಗೆ ದುಡಿಮೆಗೆ ಹೋಗಬಲ್ಲನು. ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಕುಡಿತದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿರಲಾಗದು. ಬಹುಕಾಲ ದಿನವಿಡೀ ಕುಡಿಯುತ್ತಿದ್ದವನು ಹಠಾತ್ತನೆ ನಿಲ್ಲಿಸಿದರೆ ಒಂದೆರಡು ದಿನಗಳಲ್ಲಿ ಮೈನಡುಕ, ಅಪಸ್ಮಾರ, ಇಲ್ಲದ್ದನ್ನು ಕಾಣುವ ಭ್ರಮೆ ಉಂಟಾಗಬಹುದು, ಪ್ರಾಣಾಪಾಯವೂ ಉಂಟು. ಆದುದರಿಂದ ಪ್ರತಿಜ್ಞೆಯ ದಿನವೇ ಅವನನ್ನು ವೈದ್ಯರಿಗೆ ತೋರಿಸತಕ್ಕದ್ದು. ನಡುಕವನ್ನು ತಡೆಯುವ ಔಷಧವೂ ಥಯಾಮಿನ್ ಜೀವಸತ್ವವೂ ತಾಲ್ಲೂಕು ಆಸ್ಪತ್ರೆಯ ವೈದ್ಯರು ಬಲ್ಲ ಚಿಕಿತ್ಸೆಗಳೇ ಆಗಿವೆ. ಮೊದಲ ನಾಲ್ಕೈದು ರಾತ್ರಿ ಮನೆಯವರಲ್ಲಿ ಒಬ್ಬರಾದರೂ ಅವನ ಹತ್ತಿರವೇ ಮಲಗಬೇಕು.